ಪಾರ್ಲೆಯಿಂದ ಮುಲುಂಡಿಗೆ, ಹೀಟರ್ ಹಾಕಿಕೊಂಡು

ಗೌರಿ ಹುಣ್ಣಿಮೆಯ ದಿನ ಮಧ್ಯಾಹ್ನ ಎರಡೂವರೆಗೆ ನಾವು ಮೂವರು ಮುಂಬಯಿಯ ವಿಲೆ ಪಾರ್ಲೆ ಪೂರ್ವದಿಂದ ಮುಲುಂಡಿಗೆ ಹೊರಟೆವು. ದೂರ ಸುಮಾರು ಇಪ್ಪತ್ತು ಕಿಲೋಮೀಟರ್. ರಸ್ತೆ ಖಾಲಿ ಇದ್ದರೆ ಮುಕ್ಕಾಲು ಗಂಟೆ, ಇರದಿದ್ದರೆ ಒಂದೂವರೆ. ನಾನು ಎರಡು ಗಂಟೆ ಹಿಡಿದಿದ್ದೆ. ಕಾಶಿ, ಬದರಿ, ರಾಮೇಶ್ವರ ಎಲ್ಲ ನೋಡಿ ಬಂದವಳು ನಾನು. ಅವುಗಳ ಬಗ್ಗೆ ಒಂದು ಸಾಲೂ ಬರೆದಿಲ್ಲ. ಅಲ್ಲಿ ಬಸ್ಸು ಹೇಳಿದ ಹೊತ್ತಿಗೆ ಹೊರಟಿತು, ಹೇಳಿದ ಊರಿಗೆ ಮುಟ್ಟಿತು, ಬರೆಯುವಂಥದ್ದು ಏನೂ ನಡೆಯಲಿಲ್ಲ.

ಕಾರು ನಡೆಸುತ್ತಿದ್ದವನು ನನ್ನ ಕಿರಿಯ ತಮ್ಮ ವಸಂತ. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಅವನ ಬಾಯಿಗೆ ಮಾತ್ರ ನಿವೃತ್ತಿ ಸಿಕ್ಕಿಲ್ಲ. ಅವನ ಪಕ್ಕದಲ್ಲಿ ನಾನು. ಹಿಂದಿನ ಸೀಟಿನಲ್ಲಿ ನನ್ನ ದೊಡ್ಡ ತಮ್ಮ ಅಶೋಕನ ಹೆಂಡತಿ ಕಮಲಾ, ತೊಡೆಯ ಮೇಲೆ ಒಂದು ದೊಡ್ಡ ತಗಡಿನ ಡಬ್ಬಿ ಇಟ್ಟುಕೊಂಡು ಕುಳಿತಿದ್ದಳು. ಅಶೋಕ ತೀರಿಕೊಂಡು ಎರಡು ವರ್ಷ ದಾಟಿದೆ. ಕಾರು ಅವನದೇ.

ಡಬ್ಬಿಯಲ್ಲಿದ್ದದ್ದು ಸಕ್ಕರೆ ಆರತಿ. ಧಾರವಾಡ, ಬೆಳಗಾವಿ ಕಡೆಯವರಿಗೆ ಇದನ್ನು ಹೇಳಬೇಕಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಸಕ್ಕರೆಯ ಪಾಕವನ್ನು ಕಟ್ಟಿಗೆಯ ಅಚ್ಚುಗಳಲ್ಲಿ ಹೊಯ್ದು ಆನೆ, ಗಿಳಿ, ನವಿಲು, ತುಳಸಿ ಕಟ್ಟೆ, ಕಳಸ ಇಂಥ ಗೊಂಬೆಗಳನ್ನು ತೆಗೆಯುತ್ತಾರೆ. ಹುಣ್ಣಿಮೆಯ ಸಂಜೆ ಅವನ್ನು ತಟ್ಟೆಯಲ್ಲಿ ಜೋಡಿಸಿ, ನಡುವೆ ದೀಪವಿಟ್ಟು ಗೌರಿಗೆ ಬೆಳಗುತ್ತಾರೆ. ಮದುವೆ ನಿಶ್ಚಯವಾದ ಹುಡುಗಿ ಇದ್ದರೆ ಗಂಡಿನ ಮನೆಯವರು ಅವಳಿಗೆ ಸಕ್ಕರೆ ಆರತಿ, ಸೀರೆ, ತಲೆಗೆ ಮುಡಿಸುವ ಹೂವಿನ ದಂಡೆ ಒಯ್ದು ಕೊಡುತ್ತಾರೆ. ಅಶೋಕನ ಮಗ ನಿಖಿಲನಿಗೆ ಮುಲುಂಡಿನ ಪ್ರಿಯಾಳೊಂದಿಗೆ ಮದುವೆ ಗೊತ್ತಾಗಿತ್ತು. ಅವರು ವಿಜಯಪುರದ ಕಡೆಯವರು, ಬಟ್ಟೆ ವ್ಯಾಪಾರದವರು. ಆರತಿ ಒಯ್ಯುವಾಗ ಗಂಡು ಜೊತೆಗೆ ಹೋಗುವುದಿಲ್ಲ, ಆದ್ದರಿಂದ ನಿಖಿಲ ಮನೆಯಲ್ಲಿ ಉಳಿದ.

ನಮ್ಮ ಮನೆತನದಲ್ಲಿ ಪಾಕ ಹಿಡಿಯಲು ಬರುವುದು ಕಮಲಾಗೆ ಒಬ್ಬಳಿಗೇ. ಆದರೆ ಎಂಟು ದಿನ ಮೊದಲು ಪ್ರಿಯಾಳ ಸೋದರತ್ತೆ ಇಂದಿರಾಬಾಯಿ ನನಗೆ ಫೋನ್ ಮಾಡಿದ್ದರು. ಸೀರೆಯ ಬಣ್ಣ, ಊಟಕ್ಕೆ ಎಷ್ಟು ಜನ ಎಂದೆಲ್ಲ ಕೇಳಿ ಕೊನೆಗೆ, "ಆರತಿ ಮುತ್ತೈದೆಯರ ಕೈಲೆ ಹೊಯ್ಸ್ರಿ ಮತ್ತ. ಇದೊಂದು ಹೇಳೂದಿತ್ತು," ಎಂದರು. ಆಮೇಲೆ ದನಿ ತಗ್ಗಿಸಿ, "ನಮ್ಮ ಕಡೆ ಒಂದ್ ಗೊಂಬಿ ಮುರದ್ರೂ ಮಂದಿ ಏನೇನೋ ಅಂತಾರ," ಎಂದರು.

ನಾನು ಫೋನ್ ಇಟ್ಟೆ. ಕಮಲಾಳಿಗೆ ವಿಷಯ ಹೇಳಿದೆ, ಮುಚ್ಚಿಡುವುದು ನನ್ನ ಪದ್ಧತಿಯಲ್ಲ. ಅವಳು ಅಚ್ಚುಗಳನ್ನು ತೊಳೆಯುತ್ತಿದ್ದವಳು ಕೈ ನಿಲ್ಲಿಸಿದಳು. "ನೀ ಹೊಯ್ಯಿ. ಹೊಯ್ದು ನೀನೂ ಬಾ," ಎಂದೆ. ಎರಡು ದಿನ ಅಚ್ಚುಗಳನ್ನು ಮುಟ್ಟಲಿಲ್ಲ, ಮೂರನೆಯ ದಿನ ಸಕ್ಕರೆ ತರಿಸಿದಳು. ಆದರೆ ಒಂದು ಷರತ್ತು ಹಾಕಿದಳು: ಅವರ ಬಿಲ್ಡಿಂಗಿನ ಗೇಟಿನವರೆಗೆ ಬರುತ್ತಾಳೆ, ಮೇಲೆ ಬರುವುದಿಲ್ಲ, ಕಾರಿನಲ್ಲೇ ಕೂರುತ್ತಾಳೆ. ಆಗಲಿ ಎಂದೆ. ಗೊಂಬೆಗಳು ಒಂದೂ ಮುರಿಯದೆ, ದೀಪ ಹಚ್ಚುವ ಹೊತ್ತಿನೊಳಗೆ ಮುಟ್ಟಬೇಕು. ಅಂದಿನ ಪ್ರಯಾಣಕ್ಕೆ ಇದ್ದದ್ದು ಈ ಒಂದು ಕೆಲಸ. ಮುರಿದರೆ ದೋಷ ಯಾರ ತಲೆಗೆ ಬರುತ್ತದೆ ಎಂದು ಮೂವರಿಗೂ ಗೊತ್ತಿತ್ತು.

ರಿಕ್ಷಾದಲ್ಲಿ ಹೋಗಬಹುದಿತ್ತು. ಆದರೆ ಜೋಗೇಶ್ವರಿಯಿಂದ ಪವಾಯಿ ಕಡೆಗಿನ ರಸ್ತೆಯಲ್ಲಿ ರಿಕ್ಷಾ ಕುಣಿಯುವ ಕುಣಿತಕ್ಕೆ ಗಟ್ಟಿ ಬೆಲ್ಲವೂ ಪುಡಿಯಾಗುತ್ತದೆ. ಲೋಕಲ್ ರೈಲಿನಲ್ಲಿ ದಾದರಿಗೆ ಹೋಗಿ ಬದಲಿಸಬೇಕು. ಆ ನೂಕಾಟದಲ್ಲಿ ಡಬ್ಬಿಯ ಗತಿ ಬೇರೆ ಹೇಳಬೇಕಿಲ್ಲ. ಅಶೋಕನ ಕಾರು ಬಿಲ್ಡಿಂಗಿನ ಕೆಳಗೆ ಹೊದಿಕೆ ಹೊದ್ದು ನಿಂತಿತ್ತು. ವಸಂತ ಹೊಸ ಬ್ಯಾಟರಿ ಹಾಕಿಸಿದ, ಗಾಲಿಗೆ ಗಾಳಿ ತುಂಬಿಸಿದ, ಗಾಜು ಒರೆಸಿ ಊದುಬತ್ತಿಯನ್ನೂ ಹಚ್ಚಿದ. ಬಾನೆಟ್ ಎತ್ತಿದ್ದಾಗ ಬ್ಯಾಟರಿ ಬಿಟ್ಟು ಬೇರೇನನ್ನೂ ನೋಡಲಿಲ್ಲ. ನಾನೂ ಕೇಳಲಿಲ್ಲ.

ಪಾರ್ಲೆಯ ಒಳರಸ್ತೆಯಿಂದ ಹೆದ್ದಾರಿಗೆ ಬಂದೆವು. ದೀಪಾವಳಿ ಮುಗಿದು ಹದಿನೈದು ದಿನವಾಗಿದ್ದರೂ ಬಿಸಿಲು ಇಳಿದಿರಲಿಲ್ಲ. ವಸಂತ ಗಾಜು ಏರಿಸಿ ಏಸಿಯನ್ನು ಪೂರ್ತಿ ಹಾಕಿದ.

"ಗೊಂಬಿ ಕರಗಬಾರದಲ್ಲ, ವೈನಿ," ಎಂದ ಕನ್ನಡಿಯಲ್ಲಿ ಅತ್ತಿಗೆಯನ್ನು ನೋಡುತ್ತ.

"ಸಕ್ಕರಿ ಬಿಸಿಲಿಗೆ ಕರಗೂದಿಲ್ಲ," ಎಂದಳು ಕಮಲಾ. "ಥಂಡಿಗೆ, ಹಸಿಗೆ ಹೆದರ್ತದ ಅದು."

"ಇರಲಿ ಬಿಡ್ರಿ, ನಾವಾದ್ರೂ ಕರಗಬಾರದಲ್ಲ."

ಅಂಧೇರಿಯ ಮೇಲುಸೇತುವೆ ಹತ್ತುವಷ್ಟರಲ್ಲಿ ವಾಹನಗಳು ನಿಂತವು. ಮುಂದೆ ಎಲ್ಲಿಯೋ ಟ್ರಕ್ಕು ಕೆಟ್ಟಿದೆ ಎಂದು ಬೈಕಿನವನೊಬ್ಬ ಹೇಳಿ ಸಂದಿಯಲ್ಲಿ ತೂರಿಹೋದ. ಒಂದು ಮಾರು ಸರಿಯುವುದು, ನಿಲ್ಲುವುದು. ನನಗೆ ಒಂದು ಅಭ್ಯಾಸವಿದೆ. ಪರೇಲಿನ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಸಿಸ್ಟರ್ ಆಗಿ ದುಡಿದವಳು. ಎಲ್ಲಿ ಕುಳಿತರೂ ಎದುರಿಗಿರುವ ಅಳತೆಯನ್ನು ಆಗಾಗ ನೋಡಬೇಕು. ವಸಂತನ ಮುಂದಿನ ಫಲಕದಲ್ಲಿ ಎಂಜಿನ್ನಿನ ನೀರಿನ ಕಾವು ತೋರಿಸುವ ಮುಳ್ಳಿತ್ತು. ಪಾರ್ಲೆಯಲ್ಲಿ ಅದು ನಡುವೆ ಇತ್ತು. ಈಗ ಕೆಂಪು ಗೆರೆಗೆ ಒಂದು ಬೆರಳಗಲ ಉಳಿದಿತ್ತು.

"ವಸಂತ, ಇದು ಯಾಕ ಏರಾಕತ್ತದ?"

"ಗಾಡಿ ಅಂದ್ರ ಕಾಯ್ತದ ಅಕ್ಕಾ."

"ಇಷ್ಟು ಕಾಯಬಾರದು. ಏಸಿ ಬಂದ್ ಮಾಡು."

ಮಾಡಿದ. ಗಾಜು ಇಳಿಸಿದೆವು. ಹೊಗೆ, ಹಾರ್ನು, ಬಿಸಿಲು ಮೂರೂ ಒಟ್ಟಿಗೆ ಒಳಗೆ ಬಂದವು. ಮುಳ್ಳು ಇಳಿಯಲಿಲ್ಲ, ಏರುವುದಷ್ಟೇ ನಿಧಾನವಾಯಿತು. ಸೇತುವೆಯ ಮೇಲೆ ಎರಡೂ ಕಡೆ ಕಟ್ಟೆ. ಪಕ್ಕಕ್ಕೆ ನಿಲ್ಲಿಸಲು ಜಾಗವಿಲ್ಲ. ನಿಲ್ಲಿಸಿದರೆ ಹಿಂದಿನವರು ನಮ್ಮನ್ನು ಕಾರಿನ ಸಮೇತ ಕೆಳಗೆ ದೂಡುತ್ತಿದ್ದರು.

ಆಗ ನನಗೆ ಕಸಾರಾ ಘಾಟು ನೆನಪಾಯಿತು. ಇದೇ ಕಾರಿನಲ್ಲಿ ನಾಸಿಕಕ್ಕೆ ಹೋಗುವಾಗ ಏರಿನಲ್ಲಿ ಎಂಜಿನ್ ಕಾಯ್ದಿತ್ತು. ಅಶೋಕ ಹೀಟರನ್ನು ಪೂರ್ತಿ ಹಾಕಿ ಘಾಟು ಹತ್ತಿಸಿದ್ದ. ಹಿಂದೆ ಕುಳಿತು ನಾವೆಲ್ಲ ಅವನನ್ನು ಬೈದಿದ್ದೆವು.

"ಹೀಟರ್ ಹಚ್ಚು," ಎಂದೆ.

ವಸಂತ ನನ್ನ ಮುಖ ನೋಡಿದ. "ಅಕ್ಕಾ, ಜ್ವರ ಬಂದಾಂವಗ ಕಂಬಳಿ ಹೊದಸ್ತೀಯೇನು?"

"ಕಂಬಳಿ ಅಲ್ಲೋ. ಹೀಟರ್ ಬ್ಯಾರೆ ಒಲಿ ಹಚ್ಚೂದಿಲ್ಲ. ಎಂಜಿನ್ನಿನ ಬಿಸಿ ನೀರು ಮುಂದಿನ ರೇಡಿಯೇಟರಿಗೆ ಹೋಗೂಹಂಗ ಇಲ್ಲೇ ನಮ್ಮ ಕಾಲ ಹತ್ರ ಒಂದು ಸಣ್ಣ ರೇಡಿಯೇಟರಿಗೂ ಬರ್ತದ. ಫ್ಯಾನ್ ಅದರ ಕಾವು ತಗದು ನಮ್ಮ ಮೈಮ್ಯಾಲೆ ಊದ್ತದ. ಅಷ್ಟು ಕಾವು ಎಂಜಿನ್ನಿಗೆ ಕಡಿಮಿ. ಅಶೋಕ ಹೇಳಿದ್ದ."

"ಗೊಂಬಿ?"

ಹಿಂದಿನಿಂದ ಕಮಲಾ ಹೇಳಿದಳು, "ಒಲಿ ಮ್ಯಾಲೆ ಅವು ಇದಕ್ಕಿಂತ ಭಾಳ ಬಿಸಿ ಕಂಡಾವ. ಹಚ್ಚರಿ." ಆಮೇಲೆ, "ಇವ್ರು ಹಂಗ ಮಾಡ್ತಿದ್ರು," ಎಂದಳು.

ವಸಂತ ಗುಂಡಿಯನ್ನು ನೀಲಿಯಿಂದ ಕೆಂಪಿನ ಕೊನೆಗೆ ತಿರುಗಿಸಿ ಗಾಳಿಯನ್ನು ಪೂರ್ತಿ ಬಿಟ್ಟ. ಮೊದಲು ಧೂಳಿನ ವಾಸನೆ ಬಂತು, ಆಮೇಲೆ ಬಿಸಿ. ರೊಟ್ಟಿಯ ಹಂಚಿನ ಮೇಲೆ ಬಾಗಿದ ಹಾಗೆ. ಮೊಣಕಾಲು, ಎದೆ, ಗದ್ದ ಎಲ್ಲ ಸುಡತೊಡಗಿತು. ನನ್ನ ಕನ್ನಡಕ ಮೂಗಿನ ಮೇಲೆ ಜಾರತೊಡಗಿತು. ನಾನು ಮುಳ್ಳನ್ನೇ ನೋಡುತ್ತಿದ್ದೆ.

"ನೀ ಹಿಂಗ ಕಣ್ಣು ತಗದು ನೋಡಿದ್ರ ಅದೇನು ನಾಚಿ ಇಳೀತದೇನು?"

ಇಳಿಯಿತು. ಕೂದಲೆಳೆಯಷ್ಟು, ಆಮೇಲೆ ಇನ್ನಷ್ಟು. ಜೋಗೇಶ್ವರಿಯ ತಿರುವಿಗೆ ಬರುವಾಗ ಕೆಂಪು ಗೆರೆಯಿಂದ ಎರಡು ಬೆರಳು ಕೆಳಗಿತ್ತು. ಪಕ್ಕದ ರಿಕ್ಷಾದವನು ನಮ್ಮ ಮೂರು ಕೆಂಪು ಮುಖಗಳನ್ನು ನೋಡಿ ಕೈ ಚಾಚಿ ಗಾಳಿಯನ್ನು ಮುಟ್ಟಿದ.

"ಅರೇ ಚಾಚಾ, ಗಾಡಿ ಮೇ ಹೀಟರ್? ಸ್ಟೀಮ್ ಬಾಥ್ ಚಲ್ ರಹಾ ಹೈ ಕ್ಯಾ?"

"ಆ ಜಾ, ತೂ ಭೀ ಲೇ ಲೇ," ಎಂದ ವಸಂತ. "ತೇರೇ ಲಿಯೇ ಫ್ರೀ."

ಬಿಟ್ಟಿ ಹಬೆಸ್ನಾನದ ಕರೆಗೆ ರಿಕ್ಷಾದವನು ನಕ್ಕು ಮುಂದೆ ಹೋದ. ಕಮಲಾ ನಗಲಿಲ್ಲ. ಅವಳು ಡಬ್ಬಿಯ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದಳು. ಪಕ್ಕದ ಸೀಟಿನಲ್ಲಿ ಬಾಳೆ ಎಲೆಯಲ್ಲಿ ಸುತ್ತಿದ್ದ ಹೂವಿನ ದಂಡೆಯ ಮೇಲೆ ನೀರು ಚಿಮುಕಿಸುತ್ತ, "ಹೂವ ಬಾಡ್ತಾವ ಅಕ್ಕಾರ," ಎಂದಳು.

"ಬಾಡಲಿ. ಹೂವ ಮುಲುಂಡಿನ್ಯಾಗೂ ಸಿಗ್ತಾವ."

ಜೋಗೇಶ್ವರಿಯಿಂದ ಪವಾಯಿಗೆ ಹೋಗುವ ರಸ್ತೆಯ ನಡುವೆ ಮೆಟ್ರೊ ಕಂಬಗಳು ಸಾಲಾಗಿ ನಿಂತಿವೆ. ಎರಡು ಪಕ್ಕದಲ್ಲಿ ಉಳಿದಷ್ಟೇ ದಾರಿ. ಸೀಪ್ಜ್ ಕೈಗಾರಿಕಾ ವಲಯ ದಾಟುವವರೆಗೆ ನಿಂತು ನಿಂತು ನಡೆದೆವು. ಗಾಡಿ ಓಡಿದಾಗ ಮುಳ್ಳು ಇಳಿಯುವುದು, ನಿಂತಾಗ ಏರುವುದು. ಇದು ಸರಿಯಾದ ಲಕ್ಷಣವಲ್ಲ ಎಂದು ಮನಸ್ಸಿನಲ್ಲಿ ಬರೆದುಕೊಂಡೆ. ಓಡುವಾಗ ರೇಡಿಯೇಟರಿಗೆ ಹೊರಗಿನ ಗಾಳಿ ಸಿಗುತ್ತದೆ. ನಿಂತಾಗ ಗಾಳಿ ಕೊಡಬೇಕಾದದ್ದು ಅದರ ಮುಂದಿನ ಫ್ಯಾನು. ಹಾಗಾದರೆ ಫ್ಯಾನು ತಿರುಗುತ್ತಿಲ್ಲ. ಹೀಟರಿನ ಫ್ಯಾನು ಬೇರೆ, ಅದು ತಿರುಗುತ್ತಿದೆ. ಅದಕ್ಕೇ ಇಲ್ಲಿಯವರೆಗೆ ಬಂದೆವು.

ಪವಾಯಿಯ ಕಡೆ ರಸ್ತೆ ಏರುತ್ತದೆ. ಏರಿನ ನಡುವೆ ವಸಂತ "ಹಾ!" ಎಂದ. "ಪುಣ್ಯಾ ಬಂತು. ತಣ್ಣಗಾತು ನೋಡು."

ನಿಜ. ಮುಖಕ್ಕೆ ಬಡಿಯುತ್ತಿದ್ದ ಗಾಳಿ ತಣ್ಣಗಾಗಿತ್ತು. ಬೆವೆತ ಮೈಗೆ ಹಿತವಾಯಿತು. ಕಮಲಾ ಕೂಡ ಉಸಿರು ಬಿಟ್ಟು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. ನಾನೂ ಎರಡು ಕ್ಷಣ ಕಣ್ಣು ಮುಚ್ಚಿದೆ ಎಂದು ಬರೆಯಬೇಕು. ಆಮೇಲೆ ಗಾಳಿ ಬರುವ ಸಂದಿಗೆ ಕೈ ಹಿಡಿದೆ. ಗುಂಡಿ ಕೆಂಪಿನಲ್ಲೇ ಇತ್ತು. ಯಾರೂ ತಿರುಗಿಸಿರಲಿಲ್ಲ.

ವಾರ್ಡಿನಲ್ಲಿ ಹೊಸ ಹುಡುಗಿಯರಿಗೆ ನಾನು ಮೊದಲು ಕಲಿಸುತ್ತಿದ್ದ ಪಾಠ ಇದು. ಜ್ವರದಿಂದ ಸುಡುವ ರೋಗಿಯ ಕೈಕಾಲು ಒಮ್ಮೆಲೇ ತಣ್ಣಗಾದರೆ ಮನೆಯವರು ಜ್ವರ ಇಳಿಯಿತೆಂದು ಕೈ ಮುಗಿಯುತ್ತಾರೆ. ಸಿಸ್ಟರ್ ಆದವಳು ಓಡಬೇಕು. ಹೊಟ್ಟೆ ಮುಟ್ಟಿ ನೋಡಿದರೆ ಬೆಂಕಿ. ರಕ್ತ ಕೈಕಾಲಿಗೆ ಬರುತ್ತಿಲ್ಲ, ಅಷ್ಟೇ. ಹೀಟರಿಗೆ ಬಿಸಿ ನೀರು ಬಂದರೆ ತಾನೇ ಬಿಸಿ ಗಾಳಿ? ಗಾಳಿ ತಣ್ಣಗಿದೆ ಎಂದರೆ ನೀರು ಬರುತ್ತಿಲ್ಲ. ನೀರು ಅಷ್ಟು ತಗ್ಗಿದೆ. ಮುಳ್ಳು ನೋಡಿದೆ. ಅದು ಕೆಂಪಿನೊಳಗೆ ಹೊಕ್ಕಿತ್ತು.

"ನಿಂದ್ರಸು!"

ನನ್ನ ಗಂಟಲು ವಾರ್ಡಿನ ಆ ಕೊನೆಯವರೆಗೆ ಕೇಳಿಸುವಂಥದ್ದು. ವಸಂತ ಹೆದರಿ ಬ್ರೇಕ್ ತುಳಿದ. ಹಿಂದಿನವರು ಹಾರ್ನು ಒತ್ತಿದರು. ಆ ಗದ್ದಲದ ನಡುವೆಯೂ ಡಬ್ಬಿಯೊಳಗೆ 'ಟಕ್' ಎಂದದ್ದು ಮೂವರಿಗೂ ಕೇಳಿಸಿತು.

ಕಾರನ್ನು ಎಡಕ್ಕೆ ತೆಗೆದು ಎಂಜಿನ್ ಆರಿಸಿದ. ಸ್ವಲ್ಪ ಮುಂದೆ ಕೆರೆ ಕಾಣುತ್ತಿತ್ತು. ಬಾನೆಟ್ಟಿನ ಸಂದಿಯಿಂದ ಹಬೆ ಬರತೊಡಗಿತು.

ಕಮಲಾ ಡಬ್ಬಿ ತೆರೆಯಲಿಲ್ಲ. "ಮುರೀತು," ಎಂದಳು.

"ತಗದು ನೋಡು."

"ಬ್ಯಾಡ. ಅಲ್ಲೇ ನೋಡೂಣು."

ವಸಂತ ಕೆಳಗಿಳಿದು, ಬಾನೆಟ್ ಎತ್ತಿ, ಕೈಯಲ್ಲಿ ಕರವಸ್ತ್ರ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಲು ಹೋದ. ನಾನು ಇಳಿದ ವೇಗ ನನಗೇ ಆಶ್ಚರ್ಯ. ನನ್ನ ಮೊಣಕಾಲು ಇನ್ನೂ ಅದನ್ನು ಮರೆತಿಲ್ಲ. ಅವನ ಮಣಿಕಟ್ಟು ಹಿಡಿದೆ.

"ಬಿಡ ಅಕ್ಕಾ, ನೀರು ಹಾಕಬೇಕು. ಹೊತ್ತಾಗ್ತದ."

"ಕೈ ಹಚ್ಚಬ್ಯಾಡ. ಒಳಗ ಕುದಿಯೂ ನೀರು ಒತ್ತಿಕೊಂಡು ಕುಂತದ. ಮುಚ್ಚಳ ಸಡ್ಲಾದ್ರ ಮುಖಕ್ಕ ಹೊಡೀತದ. ನಾ ಐದು ವರ್ಷ ಸುಟ್ಟ ಗಾಯದ ವಾರ್ಡಿನ್ಯಾಗ ಇದ್ದೆ ವಸಂತ. ಇಂಥಾ ಮುಖ ನೋಡೀನಿ."

ಅವನು ಕೈ ಹಿಂದೆ ತೆಗೆದ. ನನ್ನ ಮಾತಿಗೆ ತಿರುಗಿ ಉತ್ತರ ಕೊಡದ ಸಂದರ್ಭ ಅವನ ಜೀವನದಲ್ಲಿ ಬಹುಶಃ ಅದೊಂದೇ.

ಕಾಯುವುದೊಂದೇ ಉಳಿದ ಕೆಲಸ. ನಾನು ಸುಮಾರು ನಲವತ್ತು ನಿಮಿಷವೆಂದು ಹಿಡಿದೆ. ಸೂರ್ಯ ಇಳಿಯುತ್ತಿದ್ದ. ವಸಂತ ರಸ್ತೆಯಂಚಿನ ಅಂಗಡಿಯಿಂದ ನೀರಿನ ದೊಡ್ಡ ಕ್ಯಾನು, ನಮಗೆ ಮೂರು ಲೋಟ ಚಹಾ ತಂದ. ಅಷ್ಟರಲ್ಲಿ ಇಂದಿರಾಬಾಯಿಯ ಫೋನ್ ಬಂತು.

"ಎಲ್ಲಿದ್ದೀರಿ? ಪಾಟ ಇಟ್ಟು, ರಂಗೋಲಿ ಹಾಕಿ ಕುಂತೀವಿ."

"ಪವಾಯಿ. ಗಾಡಿ ಕಾಯ್ದದ."

"ಇವತ್ತ ಕಾಯಬೇಕಿತ್ತೇನು?" ಎಂದರು. ಆಮೇಲೆ, "ಕಮಲಾಬಾಯಿನೂ ಬಂದಾರೇನು?"

"ಬಂದಾಳ," ಎಂದು ಫೋನ್ ಇಟ್ಟೆ.

ಕಮಲಾ ಕಾರಿನ ಬಾಗಿಲು ತೆರೆದು, ಕಾಲು ಹೊರಗೆ ಹಾಕಿ ಕುಳಿತಿದ್ದಳು. ಚಹಾ ಕೈಯಲ್ಲೇ ಆರುತ್ತಿತ್ತು. "ನಾ ಬರಬಾರದಿತ್ತು ಅಕ್ಕಾರ. ಅವ್ರು ಮೊದಲಾ ಹೇಳಿದ್ರು. ಹೊಯ್ಯೂದೂ ಬ್ಯಾಡಾಗಿತ್ತು. ನನ್ನ ಕೈಲೆ ಹೊಯ್ದಿದ್ದು, ನಾ ಹೊತ್ತಗೊಂಡು ಬಂದಿದ್ದು, ಇವ್ರ ಗಾಡಿ. ಮೂರೂ ಕೂಡಿದ್ರ ಹಿಂಗ ಆಗ್ತದ."

ಸಮಾಧಾನದ ಮಾತು ನನಗೆ ಚೆನ್ನಾಗಿ ಬರುವುದಿಲ್ಲ. "ಎದ್ದು ಬಾ," ಎಂದೆ. "ಇಲ್ಲಿ ನೋಡು."

ಕಾಯುವಾಗ ಸುಮ್ಮನೆ ನಿಲ್ಲದೆ ನಾನು ಬಾನೆಟ್ಟಿನ ಒಳಗೆ ಮೊಬೈಲಿನ ಬೆಳಕು ಬಿಟ್ಟು ನೋಡಿದ್ದೆ. ರೇಡಿಯೇಟರಿನ ಫ್ಯಾನಿಗೆ ಹೋಗುವ ವಯರು ನಡುವೆ ತುಂಡಾಗಿತ್ತು. ತಾಮ್ರದ ಎಳೆಗಳು ಕಾಣುತ್ತಿದ್ದವು. ಅದರ ಕೆಳಗಿನ ಒಂದು ತೆಳ್ಳಗಿನ ರಬ್ಬರ್ ಕೊಳವೆಯ ಮೇಲೆ ಸಣ್ಣ ಸಣ್ಣ ಹಲ್ಲಿನ ಗುರುತು. ಅಲ್ಲಿಂದ ನೀರು ಜಿನುಗಿ ಒಣಗಿದ ಕಲೆ. ಮೂಲೆಯಲ್ಲಿ ಚಿಂದಿ, ಕಾಗದದ ಚೂರು, ನಾಲ್ಕು ಕರಿ ಹಿಕ್ಕೆ.

"ಇದು ಏನು?" ಎಂದು ಕೇಳಿದೆ.

ಕಮಲಾ ಬಗ್ಗಿ ನೋಡಿದಳು. "ಇಲಿ," ಎಂದಳು.

"ಎರಡು ವರ್ಷ ಗಾಡಿ ನಿಂತಿತ್ತು. ಇಲಿ ಮನಿ ಮಾಡ್ತು, ವಯರು ಕಡೀತು, ಕೊಳವಿ ಕಡೀತು. ಫ್ಯಾನು ನಿಂತು ನೀರು ಕಾಯ್ತು, ಕಾಯ್ದ ನೀರು ತೂತಿನ್ಯಾಗ ಹೋತು. ಇದರಾಗ ನಿನ್ನ ಕಾಲ್ಗುಣ ಎಲ್ಲಿ ಬಂತು, ತೋರಿಸು."

ವಸಂತ ಹಿಕ್ಕೆಯ ಕಡೆ ಬೆರಳು ಮಾಡಿ, "ಮುತ್ತೈದಿ ಇಲೀನೋ ಏನೋ, ಇಂದಿರಾಬಾಯಿನ್ನ ಕೇಳಬೇಕು," ಎಂದ. ಕಮಲಾಳ ತುಟಿ ಒಂದು ಕಡೆ ಅಲುಗಿತು. ಚಹಾವನ್ನು ಒಂದೇ ಗುಟುಕಿಗೆ ಕುಡಿದಳು.

ನನ್ನ ಪರ್ಸಿನಲ್ಲಿ ಅಂಟು ಪಟ್ಟಿಯ ಒಂದು ಸುರುಳಿ ಯಾವಾಗಲೂ ಇರುತ್ತದೆ. ಕೊಳವೆ ಕೈ ಮುಟ್ಟುವಷ್ಟು ಆರಿದ ಮೇಲೆ ಅದನ್ನು ಒರೆಸಿ, ಒಣಗಿಸಿ, ಪ್ಲಾಸ್ಟಿಕ್ ಚೀಲದ ತುಂಡನ್ನು ಬಿಗಿಯಾಗಿ ಸುತ್ತಿ, ಮೇಲೆ ಪಟ್ಟಿ ಹಾಕಿದೆ. ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧವನ್ನು ಮುಚ್ಚಬೇಕು. ಗಾಯವಾದರೂ ಅಷ್ಟೇ, ಕೊಳವೆಯಾದರೂ ಅಷ್ಟೇ. ಕೊನೆಗೆ ಕಮಲಾ ಸೀರೆಯ ಪೆಟ್ಟಿಗೆಗೆ ಕಟ್ಟಿದ್ದ ದಾರ ಬಿಚ್ಚಿ ಕೊಟ್ಟಳು. ಅಚ್ಚಿನ ಎರಡು ಹೋಳು ಬಿಡದ ಹಾಗೆ ಕಟ್ಟುವ ಗಂಟನ್ನು ಅವಳೇ ಹಾಕಿದಳು.

ವಸಂತ ಒದ್ದೆ ಬಟ್ಟೆ ಹಿಡಿದು ಮುಚ್ಚಳವನ್ನು ಸ್ವಲ್ಪ ತಿರುಗಿಸಿದ. ಉಸ್ಸೆಂದು ಉಳಿದ ಹಬೆ ಹೋಯಿತು. ಪೂರ್ತಿ ತೆಗೆದು ನೀರು ಹೊಯ್ದೆವು. ಒಮ್ಮೆಲೇ ಅಲ್ಲ, ಸ್ವಲ್ಪ ಸ್ವಲ್ಪ. ಕ್ಯಾನಿನ ಮುಕ್ಕಾಲು ಪಾಲು ಕುಡಿಯಿತು. ಹೀಟರಿನ ಗುಂಡಿಯನ್ನು ಕೆಂಪಿನಲ್ಲೇ ಬಿಡಲು ಹೇಳಿದೆ, ಒಳಗಿನ ಸಣ್ಣ ರೇಡಿಯೇಟರಿಗೂ ನೀರು ಹೋಗಬೇಕಲ್ಲ. ಎಂಜಿನ್ ಶುರು ಮಾಡಿದ. ಮೂವರೂ ಒಳಗೆ ಕುಳಿತು ಗಾಳಿಯ ಸಂದಿಗೆ ಕೈ ಹಿಡಿದುಕೊಂಡೆವು.

ತಣ್ಣನೆ ಗಾಳಿ. ಇನ್ನೂ ತಣ್ಣನೆ. ವಸಂತ ನನ್ನನ್ನು ನೋಡಿದ, ನಾನು ಮುಳ್ಳನ್ನು ನೋಡಿದೆ. ಆಮೇಲೆ ಬೆರಳಿನ ತುದಿಗೆ ಒಂದಿಷ್ಟು ಬೆಚ್ಚಗೆ ತಾಗಿತು. ಮತ್ತೆ ಸುಡುವ ಗಾಳಿ.

"ಬಂತು, ಬಂತು!" ಎಂದು ಕೂಗಿದವಳು ಕಮಲಾ. ಮುಂಬಯಿಯ ಬಿಸಿಲಿನಲ್ಲಿ ಬಿಸಿ ಗಾಳಿ ಬಂತೆಂದು ಖುಷಿಪಟ್ಟವರು ನಾವು ಮೂವರೇ ಇರಬೇಕು.

ಮುಂದಿನ ದಾರಿ ಇಳಿಜಾರು. ಕೆರೆಯ ಪಕ್ಕ, ಇಂಜಿನಿಯರಿಂಗ್ ಸಂಸ್ಥೆಯ ಗೇಟಿನ ಮುಂದೆ ಹಾದು, ಗಾಂಧಿನಗರದ ಸಿಗ್ನಲ್ ದಾಟಿ ಭಾಂಡೂಪ್ ಕಡೆ ತಿರುಗಿದೆವು. ಈಗ ನನ್ನ ಒಂದು ಕೈ ಸದಾ ಗಾಳಿಯ ಮೇಲೆ, ಕಣ್ಣು ಮುಳ್ಳಿನ ಮೇಲೆ. ಗಾಳಿ ಬಿಸಿಯಿದ್ದು ಮುಳ್ಳು ಏರಿದರೆ ಗಾಡಿ ಓಡಿಸುತ್ತಿರು. ಗಾಳಿ ತಣ್ಣಗಾದರೆ ಏನೂ ಕೇಳದೆ ನಿಲ್ಲಿಸು, ಮೆಲ್ಲಗೆ ನಿಲ್ಲಿಸು. ವಸಂತನಿಗೆ ಇಷ್ಟೇ ಹೇಳಿದ್ದೆ. ಭಾಂಡೂಪಿನಲ್ಲಿ ಒಂದು ಸಲ ನಿಂತು, ಆರಿಸಿ, ಉಳಿದ ನೀರನ್ನೂ ಹಾಕಿದೆವು. ಸೂರ್ಯ ಮುಳುಗಿದ. ಬಿಲ್ಡಿಂಗುಗಳ ನಡುವೆ ಚಂದ್ರ ಕಂಡು ಮರೆಯಾಗುತ್ತಿದ್ದ. ದಂಡೆಯ ಮೊಗ್ಗುಗಳು ಕಂದುಬಣ್ಣಕ್ಕೆ ತಿರುಗಿದ್ದವು.

ಮುಲುಂಡಿನ ಆ ಬಿಲ್ಡಿಂಗಿನ ಗೇಟು ಹೊಕ್ಕಾಗ ಮೇಲಿನ ಕಿಟಕಿಗಳಲ್ಲಿ ದೀಪ ಹತ್ತಿತ್ತು. ಕಮಲಾ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ತನ್ನ ಸೀಟಿಗೆ ಒರಗಿ ಕುಳಿತಳು. ಷರತ್ತು ಷರತ್ತೇ. ಆದರೆ ನಾವು ಬಂದದ್ದು ಕಂಡು ಪ್ರಿಯಾ ಕೆಳಗೆ ಓಡಿ ಬಂದಿದ್ದಳು. ಅವಳ ಕನ್ನಡ ಮುಲುಂಡಿನದು. ಭಾವಿ ಅತ್ತೆ ಕುಳಿತ ಬದಿಯ ಹಿಂದಿನ ಬಾಗಿಲು ತೆರೆದವಳೇ ಮುಖಕ್ಕೆ ಬಡಿದ ಝಳಕ್ಕೆ ಹಿಂದೆ ಸರಿದಳು.

"ಬಾಪ್‌ರೇ! ಓವನ್ ಇದೆ ಇದು! ಮಮ್ಮಿ, ನೀವು ಯಾಕೆ ಒಳಗೆ ಕುಂತ್ರಿ? ಚಕ್ಕರ್ ಬರ್ತದೆ. ಬನ್ನಿ ನಾ, ಮೇಲೆ ಚಲಿಯೇ."

"ನಾ ಇಲ್ಲೇ ಆರಾಮಿದ್ದೀನಿ ಯವ್ವಾ."

"ಆರಾಮ್? ಫೇಸ್ ನೋಡಿ ನಿಮ್ಮದು. ಟೊಮ್ಯಾಟೊ." ಎಂದು ಕೈ ಹಿಡಿದು ಎಳೆದೇಬಿಟ್ಟಳು. ಆ ಕಾರಿನಲ್ಲಿ ಇನ್ನೊಂದು ಗಳಿಗೆ ಕೂರುವ ಶಕ್ತಿ ಕಮಲಾಗೂ ಉಳಿದಿರಲಿಲ್ಲ.

ಮೂರನೆಯ ಮಹಡಿ. ಇಂದಿರಾಬಾಯಿ ಬಾಗಿಲಲ್ಲಿ ನಿಂತಿದ್ದರು. ಕಮಲಾಳನ್ನು ನೋಡಿ ಮುಖ ಗಟ್ಟಿಯಾಯಿತು, ಆದರೂ "ಬರ್ರಿ" ಎಂದರು. ಒಳಗೆ ಪಾಟದ ಮಣೆಯ ಮೇಲೆ ಗೌರಿ, ಸುತ್ತ ಹತ್ತು ಹನ್ನೆರಡು ಹೆಂಗಸರು. ಗೋಡೆಗೆ ಒರಗಿ ಪ್ರಿಯಾಳ ಅಜ್ಜಿ ಕುಳಿತಿದ್ದರು, ಇಂದಿರಾಬಾಯಿಯ ತಾಯಿ. ಬರಿ ಹಣೆ, ಬಿಳಿ ಸೀರೆ, ದಪ್ಪ ಕನ್ನಡಕ. ಕಮಲಾ ಹೊಸ್ತಿಲಿನ ಹತ್ತಿರವೇ ನಿಂತಳು.

ಡಬ್ಬಿಯನ್ನು ನಾನೇ ತೆರೆದೆ. ಮೇಲಿನ ಕಾಗದ ತೆಗೆದೆ. ಗಿಳಿಗಳು, ನವಿಲು, ಕಳಸ, ತುಳಸಿ ಕಟ್ಟೆ ಎಲ್ಲ ಬೆಳ್ಳಗೆ, ಒಣಗಿ, ಗಾಜಿನ ಹಾಗೆ ಹೊಳೆಯುತ್ತಿದ್ದವು. ಹೀಟರಿನ ಒಣ ಗಾಳಿ ಅವಕ್ಕೆ ಒಳ್ಳೆಯದನ್ನೇ ಮಾಡಿತ್ತು. ಕೊನೆಗೆ ಆನೆಯನ್ನು ಎತ್ತಿದೆ. ಸೊಂಡಿಲು ಡಬ್ಬಿಯ ತಳದಲ್ಲಿ ಉಳಿಯಿತು.

ಹೆಂಗಸರು ಮುಂದೆ ಬಗ್ಗಿ ನೋಡಿದರು.

"ಮುರದದ," ಎಂದರು ಇಂದಿರಾಬಾಯಿ. ನನ್ನನ್ನು ನೋಡಲಿಲ್ಲ, ಹೊಸ್ತಿಲಿನ ಕಡೆ ನೋಡಿದರು. "ನಾ ಹೇಳಿದ್ದೆ."

"ನಾ ಒದರಿದೆ, ಇಂವ ಬ್ರೇಕ್ ಹೊಡದ, ಅದು ಮುರೀತು," ಎಂದೆ. "ಬ್ಯಾರೆ ಯಾರದೂ ಏನೂ ಇಲ್ಲ."

"ಅದು ಹಂಗಲ್ರಿ..."

"ಇಂದಿ," ಎಂದು ಅಜ್ಜಿ ಕರೆದರು. "ಆ ಸೊಂಡಿ ಇಲ್ಲಿ ತಾ."

"ಯಾಕವಾ?"

"ತಾ ಅಂದ್ನೆಲ್ಲ."

ಇಂದಿರಾಬಾಯಿ ಸೊಂಡಿಲನ್ನು ತಂದುಕೊಟ್ಟರು. ಅಜ್ಜಿ ಅದನ್ನು ಬೆಳಕಿಗೆ ಹಿಡಿದು, ಮುರಿದ ಕಡೆ ಬೆರಳಾಡಿಸಿ, ಬಾಯಿಗೆ ಹಾಕಿಕೊಂಡರು. ಕಟುಮ್ ಎಂದು ಸದ್ದಾಯಿತು. ನಿಧಾನವಾಗಿ ಚೀಪಿದರು. ಎಲ್ಲರೂ ಅವರ ದವಡೆಯನ್ನೇ ನೋಡುತ್ತಿದ್ದೆವು.

"ಎಂಥಾ ಪಾಕ!" ಎಂದರು. "ಹಲ್ಲಿಗೆ ಹತ್ತೂದಿಲ್ಲ. ಒಳಗ ಒಂದ್ ಹರಳಿಲ್ಲ. ಯಾರು ಹೊಯ್ದಾರ?"

ನಾನು ಬಾಯಿ ತೆರೆದೆ, ಮುಚ್ಚಿದೆ. ಇದು ನಾನು ಹೇಳುವ ಉತ್ತರವಲ್ಲ.

"ನಾನರೀ," ಎಂದಳು ಕಮಲಾ ಹೊಸ್ತಿಲಿನಿಂದ.

"ಮುಂದ ಬಾ. ನನಗ ಅಷ್ಟು ದೂರ ಕಾಣೂದಿಲ್ಲ." ಕಮಲಾ ಮುಂದೆ ಬಂದಳು. "ಸಕ್ಕರಿ ಹೊಲಸು ಹೆಂಗ ತಗದಿ?"

"ಹಾಲು ಹಾಕಿ, ಅಜ್ಜೀ. ಎರಡು ಸಲ. ಆಮ್ಯಾಲೆ ನಾಲ್ಕು ಹನಿ ನಿಂಬಿ ಹುಳಿ."

"ಅಚ್ಚು?"

"ರಾತ್ರಿ ನೀರಾಗ ನೆನಿಸಿದ್ದೆ. ಒಣ ಅಚ್ಚಿಗೆ ಹೊಯ್ದ್ರ ಬಿಡೂದಿಲ್ಲಲ್ಲ." ಬೆಳಗಿನಿಂದ ಅವಳು ಒಂದೇ ಉಸಿರಿನಲ್ಲಿ ಇಷ್ಟು ಮಾತಾಡಿದ್ದು ಆಗಲೇ.

ಅಜ್ಜಿ ಮಗಳ ಕಡೆ ತಿರುಗಿದರು. "ಇಂದಿ, ನಿನ್ನ ಆರತಿ ಐದು ಮಂದಿ ಮುತ್ತೈದೆರು ಕೂಡಿ ಹೊಯ್ದಿದ್ರು. ಮುಂಜಾನಿ ಆಗೂದ್ರಾಗ ನೀರಾಗಿ ಹರದು ಇರಿವಿ ಮುಕ್ಕರದಿದ್ವು. ನೆನಪದ?"

ಯಾರೋ ಬಾಯಿಗೆ ಸೆರಗು ಹಿಡಿದು ನಕ್ಕರು. ಇಂದಿರಾಬಾಯಿ ದಂಡೆಯ ಗಂಟು ಬಿಚ್ಚಿ ಬಾಡಿದ ಹೂ ನೋಡಿದರು, "ಹೂ ತರಸ್ತೀನಿ" ಎಂದು ಒಳಗೆ ಹೋದರು. ಅವರ ಮನಸ್ಸು ಬದಲಾಯಿತೆಂದು ನಾನು ಬರೆಯಲಾರೆ. ಸೊಂಡಿಲಿಲ್ಲದ ಆನೆಯನ್ನು ಅವರು ಹಿಂದಿನ ಸಾಲಿನಲ್ಲಿ, ನವಿಲಿನ ಮರೆಯಲ್ಲಿ ಇಟ್ಟರು. ಪ್ರಿಯಾ ಅದನ್ನು ತೆಗೆದು ಮುಂದಿಟ್ಟು, "ಇದು ಕ್ಯೂಟ್ ಇದೆ," ಎಂದಳು. ಅಲ್ಲೇ ಉಳಿಯಿತು. ಹೊಸ ದಂಡೆ ಬಂತು. ಆರತಿಯಾಯಿತು. ಅಜ್ಜಿ ಕಮಲಾಳನ್ನು ಪಕ್ಕದಿಂದ ಏಳಗೊಡಲಿಲ್ಲ. ಮುಂದಿನ ವರ್ಷ ಹುಣ್ಣಿಮೆಗೆ ಎರಡು ದಿನ ಮೊದಲೇ ಅಚ್ಚು ತೆಗೆದುಕೊಂಡು ಬರಬೇಕು, ಇಲ್ಲೇ ಹೊಯ್ಯಬೇಕು, ಹುಡುಗಿಗೆ ಕಲಿಸಬೇಕು ಎಂದು ಮೂರು ಸಲ ಹೇಳಿದರು.

ಕಾರನ್ನು ಅಲ್ಲೇ ಬಿಡುವುದೆಂದಾಯಿತು. ಬೆಳಿಗ್ಗೆ ಮೆಕ್ಯಾನಿಕ್ ಬಂದು ವಯರು, ಕೊಳವೆ ಎರಡನ್ನೂ ಬದಲಿಸುತ್ತಾನೆ. ನಾವು ಊಟ ಮುಗಿಸಿ ಸ್ಟೇಷನ್ನಿಗೆ ಹೊರಟೆವು. ತಗಡಿನ ಡಬ್ಬಿಯನ್ನು ಆ ಮನೆಯವರು ಖಾಲಿ ಕಳಿಸಲಿಲ್ಲ, ಹೋಳಿಗೆ ತುಂಬಿದ್ದರು. ಅದನ್ನು ವಸಂತ ಹೊತ್ತುಕೊಂಡ.

ಅಂಗಳಕ್ಕೆ ಬಂದಾಗ ಕಮಲಾ ಅವನಿಂದ ಕೀಲಿ ಕೇಳಿದಳು. ಏನೋ ಮರೆತಿರಬೇಕೆಂದುಕೊಂಡೆ. ಅವಳು ಕಾರಿನ ಮುಂದಿನ ಬಾಗಿಲು ತೆರೆದು, ಗಂಡ ಕೂರುತ್ತಿದ್ದ ಸೀಟಿನಲ್ಲಿ ಕುಳಿತು, ಕೈ ಚಾಚಿದಳು. ಹೀಟರಿನ ಗುಂಡಿ ಇನ್ನೂ ಕೆಂಪಿನ ಕೊನೆಯಲ್ಲೇ ಇತ್ತು. ನಮ್ಮಲ್ಲಿ ಯಾರಿಗೂ ನೆನಪಿರಲಿಲ್ಲ. ಅದನ್ನು ನೀಲಿಗೆ ತಿರುಗಿಸಿ, ಬಾಗಿಲು ಹಾಕಿ, ಎಳೆದು ನೋಡಿ ಬಂದಳು.

"ಘಾಟಿನ್ಯಾಗ ಅವ್ರಿಗೆ ನಾನೂ ಭಾಳ ಬೈದಿದ್ದೆ ಅಕ್ಕಾರ," ಎಂದಳು.

ಗೇಟಿನ ಹತ್ತಿರ ಒಮ್ಮೆ ತಿರುಗಿ ನೋಡಿದೆ. ಬೆಳದಿಂಗಳಲ್ಲಿ ಕಾರು ನಿಂತಿತ್ತು. ಬಾನೆಟ್ಟನ್ನು ವಸಂತ ಸ್ವಲ್ಪ ತೆರೆದೇ ಬಿಟ್ಟಿದ್ದ. ನಾವು ನಡೆದೆವು, ಒಂಬತ್ತರ ಲೋಕಲ್ ಸಿಕ್ಕಿತು.